ಅರ್ಧ ಬೆಲೆಗೆ ಸಿಗುವ ದಂಡ

'ದಂಡ' ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ತಪ್ಪಿಗೆ ತೆರಬೇಕಾದ ಶಿಕ್ಷೆ ಎಂಬುದು ಒಂದು. 'ಅವನಿಗೆ ಹೇಳಿದ್ದೆಲ್ಲ ದಂಡವಾಯಿತು' ಎನ್ನುವಾಗ ಬರುವ 'ವ್ಯರ್ಥ' ಎಂಬುದು ಮತ್ತೊಂದು. ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟಿದ್ದಾರೆ. ನಮ್ಮ ರಾಜ್ಯ ಸರ್ಕಾರವಾದರೋ 2023ರಿಂದೀಚೆಗೆ ಇವೆರಡನ್ನೂ ಒಂದೇ ಅರ್ಥಕ್ಕೆ ತರುವ ಕಾರ್ಯವನ್ನು ಬಹಳ ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿದೆ.

ವಿಷಯ ನಿಮಗೆಲ್ಲ ತಿಳಿದದ್ದೇ. 2023ರ ಫೆಬ್ರವರಿಯ ಆರಂಭದಲ್ಲಿ ಒಂದು ಆದೇಶ ಹೊರಟಿತು. ಸಂಚಾರ ನಿಯಮ ಮುರಿದು ದಂಡ ಬಾಕಿ ಉಳಿಸಿಕೊಂಡವರು ಆ ತಿಂಗಳ 11ರ ಒಳಗೆ ಕಟ್ಟಿದರೆ ಶೇಕಡಾ 50 ರಿಯಾಯಿತಿ! ಜನ ಜವಳಿ ಅಂಗಡಿಯ ಆಷಾಢದ ಮಾರಾಟಕ್ಕೆ ನುಗ್ಗಿದಂತೆ ನುಗ್ಗಿದರು. ಹತ್ತು ದಿನ ತುಂಬುವುದರೊಳಗೆ ನೂರು ಕೋಟಿ ರೂಪಾಯಿಗೂ ಮೀರಿ ಸಂಗ್ರಹವಾಯಿತೆಂದು ಪತ್ರಿಕೆಗಳು ಹೊಗಳಿ ಬರೆದವು. ಅದೇ ಮಾರ್ಚಿಯಲ್ಲಿ ಮತ್ತೊಮ್ಮೆ ಅವಕಾಶ ಕೊಟ್ಟರು. ಆ ವರ್ಷದ ಮಳೆಗಾಲದಲ್ಲಿ ಇನ್ನೊಮ್ಮೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮಗದೊಮ್ಮೆ. ಅಷ್ಟಕ್ಕೂ ತೃಪ್ತಿಯಾಗದೆ ಅದೇ ನವೆಂಬರ್ ಕೊನೆಯಿಂದ ಡಿಸೆಂಬರ್ 12ರ ತನಕ ಪುನಃ. ಮುಖ್ಯಮಂತ್ರಿಗಳ ಸರ್ಕಾರಿ ಕಾರಿನ ಮೇಲಿದ್ದ ಏಳು ಪ್ರಕರಣಗಳ ದಂಡವನ್ನೂ 2025ರಲ್ಲಿ ಇದೇ ರಿಯಾಯಿತಿಯಲ್ಲಿ ತೀರಿಸಲಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಏಳರಲ್ಲಿ ಒಂದು ಅತಿವೇಗದ್ದು. ಮನೆಯ ಯಜಮಾನನೇ ಸಂತೆಯಲ್ಲಿ ಚೌಕಾಸಿಗೆ ನಿಂತರೆ ಮಕ್ಕಳಿಗೆ ಏನು ಹೇಳುವುದು?

ಇದನ್ನು ನಾನು ವಿರೋಧಿಸುತ್ತೇನೆ. ಬರಿದೇ ಗೊಣಗುವ ಮುದುಕನ ವಿರೋಧವೆಂದು ತಳ್ಳಿಹಾಕುವ ಮುನ್ನ, ಕಾರಣಗಳನ್ನು ಓದುವ ತಾಳ್ಮೆ ನಿಮಗಿರಲಿ. ತರಗತಿಯಲ್ಲಿ ನಲವತ್ತು ನಿಮಿಷ ನನ್ನನ್ನು ಸಹಿಸಿಕೊಂಡವರಿಗೆ ಇದೇನು ಮಹಾ ಕಷ್ಟವಲ್ಲ.

2025ರ ಜನವರಿಯಲ್ಲಿ ನನ್ನ ಸೋದರಳಿಯ ನನ್ನ ಕಾರನ್ನು ಕೆಲವು ದಿನಗಳ ಮಟ್ಟಿಗೆ ತಾನು ನೌಕರಿ ಮಾಡುವ ನಗರಕ್ಕೆ ಒಯ್ದಿದ್ದ. ಒಂದು ಸಂಜೆ ನನ್ನ ಮೊಬೈಲಿಗೆ ಸಂದೇಶ ಬಂತು. 60 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ನಿಮ್ಮ ವಾಹನ 83 ಕಿಲೋಮೀಟರ್ ವೇಗದಲ್ಲಿತ್ತು, ದಂಡ 1000 ರೂಪಾಯಿ, ಚಿತ್ರ ಇಗೋ ಎಂದು. ಚಿತ್ರದಲ್ಲಿ ನನ್ನ ಕಾರಿನ ಹಿಂಬದಿ, ಸಂಖ್ಯಾಫಲಕ, ಹಿಂದಿನ ಗಾಜಿನಲ್ಲಿ ನನ್ನ ಮನೆಯವಳು ಅಂಟಿಸಿದ ಗಣಪತಿಯ ಚಿತ್ರ, ಎಲ್ಲವೂ ಸ್ಪಷ್ಟ. ಹುಡುಗನಿಗೆ ಫೋನು ಮಾಡಿದೆ. ಅವನಿಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. "ಮಾವ, ಈಗಲೇ ಕಟ್ಟುವುದು ಬೇಡ. ಸ್ವಲ್ಪ ಕಾಯಿರಿ, ಹೇಗೂ ಅರ್ಧಕ್ಕೆ ಬಿಡುತ್ತಾರೆ" ಎಂದ.

ಅವನು ಕೆಟ್ಟ ಹುಡುಗನಲ್ಲ. ಕೆಟ್ಟ ಹುಡುಗನಾಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಅವನದು ಕೇವಲ ಸರಿಯಾದ ಲೆಕ್ಕಾಚಾರ. ಸರ್ಕಾರವೇ ಕಲಿಸಿಕೊಟ್ಟ ಲೆಕ್ಕಾಚಾರ. ನೋಟೀಸು ಬಂದ ದಿನವೇ ಪೂರ್ಣ ಮೊತ್ತ ಕಟ್ಟಿದವನು ದಡ್ಡ, ವರ್ಷಗಟ್ಟಲೆ ಮೊಂಡು ಬಿದ್ದವನು ಜಾಣ, ಎಂದು ಸಾಬೀತುಪಡಿಸುವ ವ್ಯವಸ್ಥೆಯೊಳಗೆ ಅವನು ಜಾಣನಾಗಲು ಬಯಸಿದ, ಅಷ್ಟೇ. ನಮ್ಮ ಶಾಲೆಯ ಗ್ರಂಥಾಲಯದ ಕಥೆ ಹಳಬರಿಗೆ ನೆನಪಿರಬಹುದು. ಪುಸ್ತಕ ಹಿಂದಿರುಗಿಸಲು ತಡವಾದರೆ ದಿನಕ್ಕೆ ಐದು ಪೈಸೆ ಇತ್ತು. ಒಂದು ವರ್ಷ ವಾರ್ಷಿಕೋತ್ಸವದ ಸಂತೋಷದಲ್ಲಿ ಮುಖ್ಯೋಪಾಧ್ಯಾಯರು ಎಲ್ಲರ ಬಾಕಿಯನ್ನೂ ಮನ್ನಾ ಮಾಡಿದರು. ಮರುವರ್ಷ ದೀಪಾವಳಿಯ ಹೊತ್ತಿಗೆ ಕಪಾಟಿನಲ್ಲಿ ಉಳಿದದ್ದು ಪಂಚವಾರ್ಷಿಕ ಯೋಜನೆಯ ವರದಿಗಳು ಮಾತ್ರ. ಮಿಕ್ಕ ಪುಸ್ತಕಗಳೆಲ್ಲ ನಿಮ್ಮ ನಿಮ್ಮ ಮನೆಗಳಲ್ಲಿ ವಾರ್ಷಿಕೋತ್ಸವವನ್ನು ಕಾಯುತ್ತಿದ್ದವು.

ನಾನು ಹುಡುಗನಿಗೆ ಹೇಳಿದೆ: "ಮರ್ಯಾದಸ್ಥನಿಗೆ ಇರುವುದು ಎರಡೇ ದಾರಿ. ತಪ್ಪು ಮಾಡಿದ್ದರೆ ಪೂರ್ತಿ ಕಟ್ಟು. ಮಾಡಿಲ್ಲವೆಂದಾದರೆ ನ್ಯಾಯಾಲಯಕ್ಕೆ ಹೋಗಿ ಎದ್ದು ನಿಂತು ಹೇಳು. ಮೂರನೆಯದು ಅಂಗಡಿ ವ್ಯವಹಾರ." ಆಗ ಅವನು ಅಲ್ಲಿಯವರೆಗೆ ಹೇಳದಿದ್ದ ಮಾತೊಂದನ್ನು ಹೇಳಿದ. ಆ ರಸ್ತೆಯಲ್ಲಿ 60 ಎಂಬ ಫಲಕವೇ ತನಗೆ ಕಾಣಲಿಲ್ಲವಂತೆ, ಅದರ ಮೇಲೆ ಯಾವುದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರಂತೆ. ಹಾಗಾದರೆ ಅದು ಹೇಳಬೇಕಾದ ಮಾತೇ ಸರಿ. ಹೇಳುವ ಸ್ಥಳ ಮಾತ್ರ ಮಾವನ ಕಿವಿಯಲ್ಲ.

ಇಲ್ಲಿ ಕಾನೂನಿನ ಕುರಿತು ಕೆಲವು ಮಾತು ಅನಿವಾರ್ಯ. ವೇಗಮಿತಿಯನ್ನು ವಿಧಿಸುವುದು 1988ರ ಮೋಟಾರು ವಾಹನ ಅಧಿನಿಯಮದ 112ನೆಯ ಕಲಂ. ಮೀರಿದವರನ್ನು ಶಿಕ್ಷಿಸುವುದು 183ನೆಯದು. ಮೊದಲ ತಪ್ಪಿಗೆ 400 ರೂಪಾಯಿ ಇದ್ದ ದಂಡವನ್ನು 2019ರ ತಿದ್ದುಪಡಿಯು ಕಾರುಗಳಿಗೆ 1000ದಿಂದ 2000ದವರೆಗೆ ಏರಿಸಿತು. ಆ ಸೆಪ್ಟೆಂಬರ್ 1ರಂದು ಜಾರಿಗೆ ಬಂದದ್ದನ್ನು ನಮ್ಮ ರಾಜ್ಯ ಅದೇ ತಿಂಗಳು ಮುಗಿಯುವುದರೊಳಗೆ ಹಲವು ಬಾಬುಗಳಲ್ಲಿ ಇಳಿಸಿತು. ಹೆಲ್ಮೆಟ್ಟಿಲ್ಲದವರಿಗೆ 1000 ಇದ್ದದ್ದು 500 ಆಯಿತು, ಅತಿವೇಗದ ಕಾರಿಗೆ 1000 ಎಂದು ನಿಂತಿತು. ಅಂದರೆ ಈಗ ಅರ್ಧ ಮಾಡುತ್ತಿರುವುದು ಮೊದಲೇ ಇಳಿಸಿದ ದಂಡವನ್ನು. ಇಳಿಸಿದ್ದರ ಮೇಲೆ ಇಳಿಕೆ!

ವಾಹನ ಯಾರದೋ, ಓಡಿಸಿದವನು ಇನ್ನಾರೋ ಎಂದಾದಾಗ ಓಡಿಸಿದವನ ಹೆಸರು ವಿಳಾಸ ತಿಳಿಸುವುದು ಮಾಲಿಕನ ಕರ್ತವ್ಯವೆಂದು 133ನೆಯ ಕಲಂ ಹೇಳುತ್ತದೆ. ನಾನು ಅಂದೇ ಕಾಗದ ಬರೆದು ಅಳಿಯನ ಹೆಸರು ಕೊಟ್ಟೆ. ತಂಗಿಗೆ ಸಿಟ್ಟು ಬಂತು. ಒಂದು ತಿಂಗಳು ಮಾತಿರಲಿಲ್ಲ. ಇರಲಿ. ಇನ್ನು 2021ರ ಆಗಸ್ಟಿನಲ್ಲಿ ಕೇಂದ್ರ ನಿಯಮಗಳಿಗೆ ಸೇರಿದ '167 ಎ' ಎಂಬುದನ್ನು ನೀವೆಲ್ಲ ಒಮ್ಮೆ ಓದುವುದು ಒಳ್ಳೆಯದು. ಕ್ಯಾಮೆರಾ ಇದೆಯೆಂದು ಎಚ್ಚರಿಸುವ ಫಲಕ ರಸ್ತೆಯಲ್ಲಿರಬೇಕು, ಯಂತ್ರಕ್ಕೆ ವರ್ಷವರ್ಷವೂ ನವೀಕರಿಸಿದ ಪ್ರಮಾಣಪತ್ರವಿರಬೇಕು, ಘಟನೆ ನಡೆದ ಹದಿನೈದು ದಿನಗಳೊಳಗೆ ನೋಟೀಸು ತಲುಪಿಸಬೇಕು, ಚಿತ್ರ, ಅಳತೆ, ದಿನಾಂಕ, ವೇಳೆ, ಸ್ಥಳ ಎಲ್ಲವನ್ನೂ ಕೊಡಬೇಕು ಎಂದು ಅದು ವಿಧಿಸಿತು. ಪ್ರಜೆಯ ಮೇಲೆ ಆರೋಪ ಹೊರಿಸುವ ಮುನ್ನ ಪ್ರಭುತ್ವ ಮಾಡಬೇಕಾದ ಮನೆಗೆಲಸವಿದು. ಆ ಮನೆಗೆಲಸ ಆಗಿದೆಯೋ ಇಲ್ಲವೋ ಎಂದು ಕೇಳುವ ಜಾಗವೇ ನ್ಯಾಯಾಲಯ. ಅರ್ಧ ಬೆಲೆಯ ಸಂತೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ತಪ್ಪೇ ಮಾಡದವನೂ 'ಹಾಳಾಗಲಿ, ಐನೂರು ತಾನೆ' ಎಂದು ಕಟ್ಟಿ ಹೋಗುತ್ತಾನೆ. ಹತ್ತು ಬಾರಿ ಮಾಡಿದವನೂ ಹಾಗೆಯೇ ಕಟ್ಟಿ ಹೋಗುತ್ತಾನೆ. ಇಬ್ಬರಿಗೂ ಒಂದೇ ರಸೀದಿ!

ನೋಟೀಸನ್ನು ಒಪ್ಪುವುದಿಲ್ಲವೆಂದು ಅಳಿಯ ತಿಳಿಸಿದ ಮೇಲೆ ಸಮನ್ಸು ಬಂತು. ಅವನೊಡನೆ ನಾನೂ ಹೋದೆ. ವಾರದ ನಡುವಿನ ದಿನ; ಅವನಿಗೆ ಒಂದು ರಜೆ ಖರ್ಚು. ಹೊರಗಿನ ಜಗಲಿಯಲ್ಲಿ ಸುಮಾರು ಎಪ್ಪತ್ತು ಜನ ನಿಂತಿದ್ದರು. ಆಟೋ ಚಾಲಕರು, ಮನೆಮನೆಗೆ ಸಾಮಾನು ತಲುಪಿಸುವ ಹುಡುಗರು, ಕಚೇರಿಗೆ ಹೋಗುವ ಹೆಂಗಸರು, ತಂದೆಯ ಸ್ಕೂಟರು ಓಡಿಸಿ ಸಿಕ್ಕಿಬಿದ್ದ ಕಾಲೇಜು ಹುಡುಗ ಮತ್ತು ಅವನ ಪಕ್ಕದಲ್ಲಿ ನೆಲ ನೋಡುತ್ತಿದ್ದ ಆ ತಂದೆ. ಜವಾನ ಹೆಸರು ಕೂಗುವುದು, ಕೂಗಿದವರು ಒಳಗೋಡುವುದು, "ಒಪ್ಪುತ್ತೀರಾ?" "ಹೌದು ಸ್ವಾಮಿ", ಮುಂದಿನವರು. ಒಬ್ಬೊಬ್ಬರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕೆಲವರಿಗೆ ತಾವು ಏನನ್ನು ಒಪ್ಪುತ್ತಿದ್ದೇವೆಂದೂ ತಿಳಿದಂತಿರಲಿಲ್ಲ. ಕಾನೂನಿನಲ್ಲಿ ಇದಕ್ಕಿಂತ ಸುಲಭದ ದಾರಿಯೂ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು? 208ನೆಯ ಕಲಮಿನ ಪ್ರಕಾರ ಸಣ್ಣ ಅಪರಾಧಗಳ ಸಮನ್ಸಿನಲ್ಲಿಯೇ 'ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೇ ತಪ್ಪೊಪ್ಪಿಕೊಂಡು ಸೂಚಿಸಿದ ಮೊತ್ತವನ್ನು ಮನಿಯಾರ್ಡರಿನಲ್ಲಿ ಕಳಿಸಬಹುದು' ಎಂಬ ಸೂಚನೆ ಇರಬೇಕು. ಮನಿಯಾರ್ಡರಿನಲ್ಲಿ ಸಂಬಳ ಊರಿಗೆ ಕಳಿಸಿದ ನನ್ನಂಥವರಿಗೆ ಆ ಕಲಂ ಓದುವಾಗಲೇ ಒಂದು ಬಗೆಯ ಆತ್ಮೀಯತೆ.

ನಮ್ಮ ಹುಡುಗ "ಒಪ್ಪುವುದಿಲ್ಲ ಸ್ವಾಮಿ" ಎಂದಾಗ ಬೆಂಚ್ ಕ್ಲರ್ಕ್ ತಲೆಯೆತ್ತಿ ನೋಡಿದರು. ಇಡೀ ಕೋಣೆಯೇ ಒಂದು ಕ್ಷಣ ನಿಂತಂತಾಯಿತು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಡಿಮಿಡಿಗೊಳ್ಳಲಿಲ್ಲ. ಏಕೆಂದು ಕೇಳಿದರು, ಫಲಕದ ವಿಷಯ ಬರೆದುಕೊಂಡರು, ಯಂತ್ರದ ಪ್ರಮಾಣಪತ್ರವನ್ನೂ ಸ್ಥಳದ ಚಿತ್ರಗಳನ್ನೂ ತರುವಂತೆ ಪೊಲೀಸರಿಗೆ ಹೇಳಿ ನಾಲ್ಕು ವಾರದ ವಾಯಿದೆ ಕೊಟ್ಟರು. ಎರಡನೆಯ ಸಲ ವಿಚಾರಣೆ ನಡೆದದ್ದು ಹದಿನಾಲ್ಕು ನಿಮಿಷ; ನಾನು ಗಡಿಯಾರ ನೋಡಿಕೊಂಡೆ. ಪ್ರಮಾಣಪತ್ರ ಸರಿಯಿತ್ತು. ಅಳಿಯ ತನ್ನ ಮೊಬೈಲಿನಲ್ಲಿ ಫ್ಲೆಕ್ಸ್ ಮುಚ್ಚಿದ ಫಲಕದ ಚಿತ್ರ ತೋರಿಸಿದ. ಅದು ತೆಗೆದದ್ದು ಯಾವಾಗ ಎಂದು ಅವರು ಕೇಳಿದರು. ಘಟನೆಯ ಹನ್ನೊಂದು ದಿನಗಳ ತರುವಾಯ. ಆ ದಿನವೂ ಹಾಗೆಯೇ ಇತ್ತೆಂದು ಹೇಗೆ ಹೇಳುತ್ತೀರಿ? ಅವನಲ್ಲಿ ಉತ್ತರವಿರಲಿಲ್ಲ. ಅದಕ್ಕೂ ಹಿಂದೆ, ನಾನೂರು ಮೀಟರಿನ ಅಂತರದಲ್ಲಿ, ಯಾರೂ ಮುಚ್ಚದ ಇನ್ನೊಂದು ಫಲಕವಿದ್ದದ್ದನ್ನು ಪೊಲೀಸರು ಚಿತ್ರಸಹಿತ ತೋರಿಸಿದರು. ದಂಡ 1000 ರೂಪಾಯಿ ಎಂದಾಯಿತು. ಜೊತೆಗೆ ಅವರು ಪೊಲೀಸರತ್ತ ತಿರುಗಿ, "ಆ ಫ್ಲೆಕ್ಸ್ ತೆಗೆಸಿ, ತೆಗೆಸಿದ್ದಕ್ಕೆ ವರದಿ ಕೊಡಿ" ಎಂದರು.

ಹುಡುಗ ಸೋತ. ಆದರೆ ಅವನು ಹೊರಗೆ ಬಂದಾಗಿನ ಮುಖ ಬೇರೆಯೇ ಆಗಿತ್ತು. ತನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿ, ಅಳೆದು, ಇಲ್ಲ ಎಂದಿದ್ದಾರೆ. ಅಂಥ 'ಇಲ್ಲ'ಕ್ಕೆ ಒಂದು ತೂಕವಿದೆ. ಮೊಬೈಲಿನಲ್ಲಿ ಗುಂಡಿ ಒತ್ತಿ ಐನೂರು ಕಳಿಸುವುದರಲ್ಲಿ ಆ ತೂಕವಿಲ್ಲ. ಆಗಸ್ಟಿನಲ್ಲಿ ರಿಯಾಯಿತಿ ಘೋಷಣೆಯಾದ ದಿನ ಮಾತ್ರ ಅವನು ಫೋನು ಮಾಡಿ, "ಮಾವ, ನಿಮ್ಮ ಆದರ್ಶದಿಂದ ನನಗೆ ಐನೂರು ರೂಪಾಯಿ ಮತ್ತು ಎರಡು ರಜೆ ಲುಕ್ಸಾನು" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಾನೂನಿಗೆ ತಲೆಬಾಗಿ, ವಾದಿಸಿ, ತೀರ್ಪನ್ನು ಒಪ್ಪಿ, ಕಾಲಕ್ಕೆ ಸರಿಯಾಗಿ ಹಣ ಕಟ್ಟಿದವನಿಂದ ಸರ್ಕಾರ ಪೂರ್ತಿ ಕಿತ್ತುಕೊಂಡಿತು. ಕದ ಹಾಕಿಕೊಂಡು ಕುಳಿತವನಿಗೆ ಅರ್ಧ ಬಿಟ್ಟುಕೊಟ್ಟಿತು.

'ಇಪ್ಪತ್ತು ಮೂವತ್ತು ಕಿಲೋಮೀಟರ್ ಹೆಚ್ಚಾದರೆ ಏನು ಮಹಾ' ಎನ್ನುವವರಿಗೆ ಹಳೆಯ ವಿಜ್ಞಾನದ ಮೇಷ್ಟರಾಗಿ ಒಂದು ಲೆಕ್ಕ ಹೇಳಬೇಕು. ಚಲನಶಕ್ತಿ ಬೆಳೆಯುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಒಂಬತ್ತನೆಯ ತರಗತಿಯ ಪಾಠ, ಮರೆತಿರಲಾರಿರಿ. ಎದುರಿಗೆ ಮಗುವೊಂದು ಕಂಡಿತೆನ್ನಿ. ಕಂಡು ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡು. ಒಣ ಡಾಂಬರು, ಒಳ್ಳೆಯ ಬ್ರೇಕು, ಸೆಕೆಂಡಿಗೆ ಏಳು ಮೀಟರಿನಂತೆ ವೇಗ ಇಳಿಯುತ್ತದೆಂದುಕೊಳ್ಳಿ. 60ರಲ್ಲಿದ್ದ ಕಾರು ಸುಮಾರು 37 ಮೀಟರಿನಲ್ಲಿ ನಿಲ್ಲುತ್ತದೆ. 83ರಲ್ಲಿದ್ದ ಕಾರಿಗೆ ಬೇಕಾಗುವುದು 61 ಮೀಟರು. ಇದಿಷ್ಟು ಎಲ್ಲರೂ ಊಹಿಸಬಲ್ಲರು. ಊಹಿಸದಿರುವುದು ಇದನ್ನು: ಮೊದಲನೆಯ ಕಾರು ಪೂರ್ಣವಾಗಿ ನಿಂತ ಅದೇ ಬಿಂದುವಿನಲ್ಲಿ, ಎರಡನೆಯ ಕಾರಿನ ವೇಗ ಇನ್ನೂ ಗಂಟೆಗೆ ಸುಮಾರು 67 ಕಿಲೋಮೀಟರ್. ನಂಬದವರು ಕಾಗದ ಪೆನ್ಸಿಲು ಹಿಡಿದು ಮಾಡಿ ನೋಡಿ. 23 ಕಿಲೋಮೀಟರಿನ 'ಸಣ್ಣ' ಉಲ್ಲಂಘನೆಯ ಅರ್ಥ ಇದೇ. ಮಿತಿಯೊಳಗಿದ್ದವನು ಮಗುವಿನ ಮುಂದೆ ನಿಲ್ಲುತ್ತಾನೆ, ಮೀರಿದವನು ಮಿತಿಗಿಂತಲೂ ಹೆಚ್ಚಿನ ವೇಗದಲ್ಲಿ ಮಗುವನ್ನು ಮುಟ್ಟುತ್ತಾನೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನ ಸಾವಿಗೆ ಅತಿವೇಗವೇ ಕಾರಣವೆಂದೂ ಅದೇ ವರದಿಯಲ್ಲಿದೆ.

ಮಗುವಿನ ಉದಾಹರಣೆಯನ್ನು ನಾನು ಸುಮ್ಮನೆ ಕೊಡಲಿಲ್ಲ. 1994ರಲ್ಲಿ ಶಾಲೆಯಲ್ಲಿದ್ದವರಿಗೆ ಆ ಜುಲೈ ತಿಂಗಳು ನೆನಪಿದ್ದೇ ಇರುತ್ತದೆ. ನಮ್ಮ ಶಾಲೆಯ ಎದುರಿಗೇ ಆಗಿನ ರಾಷ್ಟ್ರೀಯ ಹೆದ್ದಾರಿ 17, ಈಗಿನ 66. ಸಂಜೆ ಗಂಟೆ ಬಾರಿಸಿತ್ತು. ಏಳನೆಯ ತರಗತಿಯ ಹುಡುಗಿ, ಕೊಡೆ ಬಿಡಿಸಿ, ತಮ್ಮನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ಎರಡು ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಬಂದವು. ಮುಂದಿನ ಸ್ಟಾಪಿನ ಜನರನ್ನು ಯಾರು ತುಂಬಿಸಿಕೊಳ್ಳುವುದೆಂಬ ಪೈಪೋಟಿ ನಮ್ಮ ಕರಾವಳಿಯ ಎಲ್ಲರಿಗೂ ಗೊತ್ತಿದ್ದದ್ದೇ. ತಮ್ಮ ಉಳಿದ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ.

ನಾನು ಸಾಕ್ಷಿ. ಮೂರು ವರ್ಷ ವಾಯಿದೆಯ ಮೇಲೆ ವಾಯಿದೆ. ಕಡೆಗೆ ಕಟಕಟೆಯಲ್ಲಿ ನಿಂತು "ಬಸ್ಸು ವಿಪರೀತ ವೇಗದಲ್ಲಿತ್ತು" ಎಂದೆ. ಚಾಲಕನ ಪರ ವಕೀಲರು ಎದ್ದು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ವೇಗ ಮಾಸ್ತರೇ? ಯಾವುದರಿಂದ ಅಳೆದಿರಿ?" ಚಾಲಕ ಬಿಡುಗಡೆಯಾದ. ಆ ವಕೀಲರ ಮೇಲೆ ನನಗೆ ದ್ವೇಷವಿಲ್ಲ, ಅವರು ಕೇಳಬೇಕಾದದ್ದನ್ನೇ ಕೇಳಿದರು. ವೇಗದ ಅಪರಾಧದ ಮಟ್ಟಿಗೆ 183ನೆಯ ಕಲಂ ಹೇಳುವುದೂ ಅದನ್ನೇ: ಯಂತ್ರದ ಅಳತೆಯ ಆಧಾರವಿಲ್ಲದೆ, ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಶಿಕ್ಷಿಸುವಂತಿಲ್ಲ. 1998ರಲ್ಲಿ ನಮ್ಮ ರಾಜ್ಯದ್ದೇ ಒಂದು ಲಾರಿ ಪ್ರಕರಣದಲ್ಲಿ, 'ಅತಿವೇಗ' ಎಂಬುದು ಸಾಪೇಕ್ಷವಾದ ಮಾತು, ಅಷ್ಟರಿಂದಲೇ ದುಡುಕು ಅಥವಾ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ನಮ್ಮಲ್ಲಿ ಅಂದು ಇಲ್ಲದಿದ್ದದ್ದು ಒಂದು ಸಂಖ್ಯೆ. 83 ಎಂಬಂಥ, ಯಾರೂ ಅಲ್ಲಗಳೆಯಲಾಗದ ಒಂದೇ ಒಂದು ಸಂಖ್ಯೆ.

ಇಂದು ಆ ಸಂಖ್ಯೆ ಇದೆ. ಕಂಬಕಂಬದ ಮೇಲೆ ಕ್ಯಾಮೆರಾ ಇದೆ. ಎಷ್ಟು ಹಣ, ಎಷ್ಟು ಬುದ್ಧಿ, ಎಷ್ಟು ಜನರ ದುಡಿಮೆ ಸೇರಿ ಆ ಸಂಖ್ಯೆ ನಮ್ಮ ಕೈಗೆ ಬಂದಿದೆ! ಅದನ್ನು ತೆಗೆದುಕೊಂಡು ಹೋಗಿ ಅರ್ಧ ಬೆಲೆಗೆ ಮಾರಿಬಿಡುತ್ತೀರಲ್ಲ ಎಂಬುದೇ ನನ್ನ ಸಿಟ್ಟು.

ರಿಯಾಯಿತಿಯ ಪರವಾಗಿ ಹೇಳುವವರ ಮಾತನ್ನೂ ನಾನು ಕೇಳಿದ್ದೇನೆ. ಲಕ್ಷಾಂತರ ಪ್ರಕರಣ ಬಾಕಿ ಬಿದ್ದಿವೆ, ನ್ಯಾಯಾಲಯಗಳ ಹೊರೆ ಇಳಿಯುತ್ತದೆ ಎನ್ನುತ್ತಾರೆ. 2023ರಲ್ಲಿ ಮೂರು ಸಲ ಇಳಿಸಿದ ಹೊರೆ 2025ರಲ್ಲಿ ಮತ್ತೆ ಎರಡು ಸಲ ಇಳಿಸಬೇಕಾಯಿತೆಂದರೆ ಅದು ಇಳಿದದ್ದೆಲ್ಲಿ? ಬಾವಿಯ ನೀರು ಮೊಗೆದಷ್ಟೂ ಊರುವುದು ಒರತೆ ಇರುವುದರಿಂದ. ಇಲ್ಲಿ ಒರತೆ ಯಾವುದೆಂದರೆ, ಕಟ್ಟದಿದ್ದರೂ ನಡೆಯುತ್ತದೆ ಎಂಬ ಧೈರ್ಯ. ಲೋಕ ಅದಾಲತ್ತನ್ನು ನಾನು ಗೌರವಿಸುತ್ತೇನೆ. ಅಣ್ಣತಮ್ಮಂದಿರ ಗಡಿತಕರಾರು, ಅಪಘಾತದ ಪರಿಹಾರ, ಇಂಥವುಗಳಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ರಾಜಿಯಾಗುವುದು ಧರ್ಮವೇ. ಆದರೆ ವೇಗದ ಪ್ರಕರಣದಲ್ಲಿ ಎದುರುಪಕ್ಷ ಯಾರು? ರಸ್ತೆ ದಾಟುವವನು. ಅವನನ್ನು ಕೇಳದೆ ಅವನ ಪಾಲನ್ನು ಬಿಟ್ಟುಕೊಡಲು ಸರ್ಕಾರ ಯಾರು?

ಬಡವರಿಗೆ ಸಾವಿರ ರೂಪಾಯಿ ದೊಡ್ಡದು ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ನಾನು ಒಪ್ಪುತ್ತೇನೆ. ಜಗಲಿಯಲ್ಲಿ ನಿಂತ ಆ ಹುಡುಗರಿಗೆ ಸಾವಿರವೆಂದರೆ ಒಂದೆರಡು ದಿನದ ದುಡಿಮೆ. ದೊಡ್ಡ ಕಾರಿನವನಿಗೆ ಹೋಟೆಲಿನಲ್ಲಿ ಒಂದು ಹೊತ್ತಿನ ತಿಂಡಿ. ಹಾಗಿದ್ದರೆ ಅದಕ್ಕೆ ಮದ್ದು ಎಲ್ಲರಿಗೂ ಅರ್ಧ ಬಿಡುವುದಲ್ಲ. ಫಿನ್ಲೆಂಡಿನಲ್ಲಿ ದೊಡ್ಡ ಉಲ್ಲಂಘನೆಗೆ ವರಮಾನದ ಲೆಕ್ಕದಲ್ಲಿ ದಂಡ. 2002ರಲ್ಲಿ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು 50ರ ರಸ್ತೆಯಲ್ಲಿ 75ರ ವೇಗದಲ್ಲಿ ಮೋಟಾರುಬೈಕು ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿತ್ತು. ಅವರು ಮೇಲ್ಮನವಿ ಸಲ್ಲಿಸಿ, ವರಮಾನ ಇಳಿದಿದೆಯೆಂದು ತೋರಿಸಿ, ಅದನ್ನು ಬಹಳಷ್ಟು ಕಡಿಮೆ ಮಾಡಿಸಿಕೊಂಡರು. ಗಮನಿಸಿ, ಅಲ್ಲಿಯೂ ದಂಡ ಇಳಿಯಿತು. ಆದರೆ ಇಳಿದದ್ದು ಅಧಿಕಾರಸ್ಥಾನದ ಮುಂದೆ ಕಾರಣ ಹೇಳಿದ ಮೇಲೆ. ನಮ್ಮಲ್ಲಿ ಐಷಾರಾಮಿ ಕಾರಿನವನಿಗೂ ಸೈಕಲ್ಲಿನಿಂದ ಈಗಷ್ಟೇ ಸ್ಕೂಟರಿಗೆ ಬಡ್ತಿ ಪಡೆದವನಿಗೂ ಒಂದೇ ರಿಯಾಯಿತಿ. ಬಡವನ ಹೆಸರು ಹೇಳಿ ಯಾರು ಹೆಚ್ಚು ಉಳಿಸಿಕೊಂಡರೆಂದು ಯೋಚಿಸಿ.

ಬಡವನ ಬಗ್ಗೆ ನಿಜವಾದ ಕಾಳಜಿ ಇದ್ದರೆ ಅದೇ 183ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ನಾಲ್ಕನೆಯ ಉಪಕಲಂ. ವೇಗಮಿತಿ ಮುರಿಯದೆ ಮುಗಿಸಲು ಸಾಧ್ಯವಿಲ್ಲದಂಥ ಸಮಯಪಟ್ಟಿಯನ್ನು ಪ್ರಕಟಿಸಿದವನು ಅಥವಾ ಇಷ್ಟು ಹೊತ್ತಿನಲ್ಲಿ ತಲುಪಲೇಬೇಕೆಂದು ಅಪ್ಪಣೆ ಕೊಟ್ಟವನು ತಾನೇ ಅಪರಾಧಿಯೆಂಬುದಕ್ಕೆ ಆ ಸಮಯಪಟ್ಟಿಯೇ ಮೇಲ್ನೋಟದ ಸಾಕ್ಷ್ಯವಾಗುತ್ತದೆ! 1994ರಲ್ಲಿಯೂ ಈ ಉಪಕಲಂ ಇತ್ತು. ಮೂರು ವರ್ಷ ನಡೆದ ಆ ಮೊಕದ್ದಮೆಯಲ್ಲಿ ಬಸ್ಸಿನ ಮಾಲಿಕನ 'ಟೈಮಿಂಗು' ಎಷ್ಟು ನಿಮಿಷದ್ದೆಂದು ಒಬ್ಬರೂ ಕೇಳಲಿಲ್ಲ. ಒಂದು ನಿಮಿಷ ತಡವಾದರೆ ಸ್ಟಾಪಿನ ಏಜೆಂಟನಿಂದ ಬೈಗುಳ, ಸಂಜೆ ಮಾಲಿಕನಿಂದ ಕಡಿತ. ಚಾಲಕನಿಗೆ ಆಗ ಇಪ್ಪತ್ತಾರು ವರ್ಷ, ಕಟಕಟೆಯಲ್ಲಿ ಅವನೂ ನಡುಗುತ್ತಿದ್ದ. ಈಗ ನಗರಗಳಲ್ಲಿ 'ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ' ಎಂಬ ಜಾಹೀರಾತಿನ ಬಲದಿಂದಲೇ ದೊಡ್ಡ ದೊಡ್ಡ ವ್ಯಾಪಾರಗಳು ಬೆಳೆದು ನಿಂತವು. ಕ್ಯಾಮೆರಾದಲ್ಲಿ ಬೀಳುವುದು ಮಾತ್ರ ಬೆನ್ನಿಗೆ ಚೀಲ ಕಟ್ಟಿಕೊಂಡ ಹುಡುಗನ ಸಂಖ್ಯಾಫಲಕ. ಹತ್ತು ನಿಮಿಷವೆಂದು ಬರೆದವನಿಗೆ ಸಂಖ್ಯಾಫಲಕವಿಲ್ಲ.

ಹಾಗಾದರೆ ಏನು ಮಾಡಬೇಕೆಂದು ಕೇಳುವಿರಿ. ದಂಡಕ್ಕೆ ಗಡುವಿರಲಿ, ಗಡುವು ಮೀರಿದರೆ ಅದು ಏರಲಿ, ಇಳಿಯದಿರಲಿ. ಒಪ್ಪದವನಿಗೆ ವಾದಿಸುವ ಅವಕಾಶ ಸುಲಭವಾಗಿರಲಿ. ಸಂಜೆಯಲ್ಲೋ ರಜಾದಿನದಲ್ಲೋ ಕೂರುವ ನ್ಯಾಯಾಲಯವಿದ್ದರೆ ದಿನಗೂಲಿಯವನೂ ಬಂದು ಹದಿನಾಲ್ಕು ನಿಮಿಷ ಮಾತಾಡಿಯಾನು. ಇವೆಲ್ಲ ಸರ್ಕಾರ ಮಾಡಬೇಕಾದವು, ಅದು ಈ ಬರಹವನ್ನು ಓದುವುದಿಲ್ಲ. ಓದುವವರು ನೀವು. ಮಗನ ನೋಟೀಸನ್ನು ಗುಟ್ಟಾಗಿ ತಾವೇ ಕಟ್ಟಿಬಿಡುವ ತಂದೆತಾಯಿಯರು ನಮ್ಮ ಬಳಗದಲ್ಲಿಯೇ ಎಷ್ಟಿಲ್ಲ! ದಯವಿಟ್ಟು ಕಟ್ಟಬೇಡಿ. 133ನೆಯ ಕಲಮಿನಂತೆ ಹೆಸರು ಬರೆದು ಕಳಿಸಿ. ತಂಗಿ ಒಂದು ತಿಂಗಳು ಮಾತು ಬಿಡುತ್ತಾಳೆ, ಆಮೇಲೆ ಹಲಸಿನ ಹಪ್ಪಳ ಕೊಟ್ಟು ಕಳಿಸುತ್ತಾಳೆ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ವಕೀಲರಾಗಿದ್ದೀರಿ. ಆ ನಾಲ್ಕನೆಯ ಉಪಕಲಮಿನ ಕೆಳಗೆ ಮಾಲಿಕನೊಬ್ಬನನ್ನು ಕಟಕಟೆಗೆ ತಂದ ಪ್ರಕರಣ ನಿಮ್ಮ ಅನುಭವದಲ್ಲಿದ್ದರೆ ಒಂದು ಕಾಗದ ಬರೆಯಿರಿ, ಓದಿ ಸಂತೋಷಪಡುತ್ತೇನೆ. ಇಬ್ಬರು ಬಸ್ಸಿನ ಮಾಲಿಕರೂ ಇದ್ದೀರಿ. ಒಬ್ಬರು 1994ರಲ್ಲಿ ಎಂಟನೆಯ ತರಗತಿಯಲ್ಲಿದ್ದವರು, ಆ ಸಂಜೆ ರಸ್ತೆಯ ಬದಿಯಲ್ಲಿ ಅವಳ ಚೀಲ ಹಿಡಿದು ನಿಂತಿದ್ದವರು. ನಿಮ್ಮ ಬಸ್ಸುಗಳ ಟೈಮಿಂಗಿನ ಹಾಳೆಯನ್ನು ಇಂದು ರಾತ್ರಿ ಮೇಜಿನ ಮೇಲಿಟ್ಟುಕೊಳ್ಳಿ. ದೂರವನ್ನು ಸಮಯದಿಂದ ಭಾಗಿಸಿ. ಪ್ರತಿ ಸ್ಟಾಪಿಗೂ ಅರ್ಧ ನಿಮಿಷ ಕಳೆಯುವುದನ್ನು ಮರೆಯಬೇಡಿ; ಪರೀಕ್ಷೆಯಲ್ಲಿ ನೀವು ಯಾವಾಗಲೂ ಅದನ್ನೇ ಮರೆಯುತ್ತಿದ್ದಿರಿ.